ದಶಕದ ಹತ್ತು ಚಿತ್ರಗಳನ್ನು ಆರಿಸುವ ಕ್ರಮ: ಮಲೆನಾಡಿನ ಪ್ರೇಕ್ಷಕರಿಗಾಗಿ

ಕಳೆದ ಹತ್ತು ವರ್ಷಗಳ ಅತ್ಯುತ್ತಮ ಚಿತ್ರಗಳ ಪಟ್ಟಿ ಮಾಡಲು ಕುಳಿತವರು ಸಾಮಾನ್ಯವಾಗಿ ನೆನಪನ್ನೇ ನಂಬಿ ಆರಂಭಿಸುತ್ತಾರೆ. ನೆನಪಿಗೆ ಮೊದಲು ಬರುವುದು ಹೆಚ್ಚು ಸದ್ದು ಮಾಡಿದ ಚಿತ್ರ, ಈಚೆಗೆ ನೋಡಿದ ಚಿತ್ರ, ಹಾಡು ಇನ್ನೂ ಬಾಯಲ್ಲಿ ಉಳಿದಿರುವ ಚಿತ್ರ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಕಡೆಯವರಿಗೆ ಇದರ ಜೊತೆಗೆ ಇನ್ನೊಂದು ತೊಡಕಿದೆ. ದೊಡ್ಡ ತಾರೆಗಳಿಲ್ಲದ ಚಿತ್ರಗಳು ಬೆಂಗಳೂರಿನ ಮಲ್ಟಿಪ್ಲೆಕ್ಸ್‌ಗಳಲ್ಲಿ ಒಂದೆರಡು ವಾರ ನಡೆದು ಮುಗಿಯುತ್ತವೆ. ನಮ್ಮ ಜಿಲ್ಲಾಕೇಂದ್ರಕ್ಕೆ ಬಂದರೆ ಬಂದವು, ತಾಲ್ಲೂಕು ಕೇಂದ್ರದ ಟಾಕೀಸಿನ ಮುಖವನ್ನಂತೂ ಬಹುಪಾಲು ಕಾಣುವುದೇ ಇಲ್ಲ. ಹೀಗಾಗಿ ನೆನಪಿನಿಂದ ಮಾಡಿದ ಪಟ್ಟಿಯು ನಾವು ಮೆಚ್ಚಿದ ಚಿತ್ರಗಳ ಪಟ್ಟಿಯಾಗುವ ಬದಲು ನಮ್ಮೂರಿಗೆ ಬಂದ ಚಿತ್ರಗಳ ಪಟ್ಟಿಯಾಗಿಬಿಡುತ್ತದೆ. ಇದನ್ನು ತಪ್ಪಿಸಲು ಒಂದು ಕ್ರಮ ಬೇಕು. ನಾನು ಪಾಲಿಸುವ ಕ್ರಮದಲ್ಲಿ ಎರಡು ನಿಯಮಗಳು ಸಡಿಲವಾಗುವಂಥವಲ್ಲ: ಎರಡನೇ ಸಲ ನೋಡದ ಚಿತ್ರವನ್ನು ಪಟ್ಟಿಗೆ ಸೇರಿಸಬಾರದು, ಮತ್ತು ಒಂದು ನಿರ್ದಿಷ್ಟ ದೃಶ್ಯವನ್ನು ಮುಂದಿಟ್ಟು ಕಾರಣ ಬರೆಯಲಾಗದ ಚಿತ್ರವನ್ನೂ ಸೇರಿಸಬಾರದು. ಉಳಿದದ್ದೆಲ್ಲ ಈ ಎರಡನ್ನು ಸಾಧ್ಯವಾಗಿಸುವ ಸಿದ್ಧತೆ.

ಮೊದಲು ಗಡಿ ಹಾಕಿಕೊಳ್ಳಿ

ದಶಕವೆಂದರೆ ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಇಲ್ಲಿ 2015ರಿಂದ 2024ರವರೆಗಿನ ಅವಧಿಯನ್ನು ಇಟ್ಟುಕೊಂಡಿದ್ದೇನೆ. ಆದರೆ ಒಂದು ಚಿತ್ರದ ವರ್ಷ ಯಾವುದು ಎಂಬ ಪ್ರಶ್ನೆ ಕಾಣುವಷ್ಟು ಸರಳವಲ್ಲ. ರಾಮ್ ರೆಡ್ಡಿಯವರ ‘ತಿಥಿ’ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು, ನಮ್ಮ ಚಿತ್ರಮಂದಿರಗಳಿಗೆ ಬಂದದ್ದು 2016ರಲ್ಲಿ. ಪೃಥ್ವಿ ಕೊಣನೂರು ಅವರ ‘ಪಿಂಕಿ ಎಲ್ಲಿ?’ 2020ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡು 2023ರಲ್ಲಿ ತೆರೆಕಂಡಿತು. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ ಯರೇಹಂಚಿನಾಳ’ 2022ರಲ್ಲಿ ಅದೇ ಬೂಸಾನ್‌ನಲ್ಲಿ ಹೊಸ ನಿರ್ದೇಶಕರಿಗೆ ಮೀಸಲಾದ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿತು, ಸಾಮಾನ್ಯ ಪ್ರೇಕ್ಷಕರಿಗೆ ಸಿಕ್ಕಿದ್ದು 2024ರಲ್ಲಿ. ರಾಷ್ಟ್ರಪ್ರಶಸ್ತಿಯವರಾದರೆ ಸೆನ್ಸಾರ್ ಪ್ರಮಾಣಪತ್ರ ದೊರೆತ ವರ್ಷವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಯಾವ ಅಳತೆಯನ್ನಾದರೂ ಒಪ್ಪಿಕೊಳ್ಳಬಹುದು, ಆದರೆ ಎಲ್ಲ ಚಿತ್ರಗಳಿಗೂ ಅದೊಂದೇ ಅಳತೆ ಇರಬೇಕು. ಊರಿನ ಪ್ರೇಕ್ಷಕ ಟಿಕೆಟ್ ಕೊಂಡೋ ಮನೆಯಲ್ಲಿ ಕುಳಿತೋ ನೋಡಲು ಸಾಧ್ಯವಾದ ವರ್ಷವೇ ಚಿತ್ರದ ವರ್ಷವೆಂದು ಎಣಿಸುವುದು ನಮ್ಮಂಥವರಿಗೆ ನ್ಯಾಯವಾದದ್ದೆಂದು ನನ್ನ ಅಭಿಪ್ರಾಯ.

ಭಾಷೆಯ ಗಡಿಯನ್ನೂ ಇದೇ ಹಂತದಲ್ಲಿ ನಿರ್ಧರಿಸಬೇಕು. ಕನ್ನಡಕ್ಕೆ ಒಂದು ಪಟ್ಟಿ, ಇತರ ಭಾಷೆಗಳಿಗೆ ಇನ್ನೊಂದು ಪಟ್ಟಿ ಮಾಡಿಕೊಳ್ಳುವುದು ಮೇಲು. ಚೈತನ್ಯ ತಮ್ಹಾಣೆಯವರ ಮರಾಠಿ ಚಿತ್ರ ‘ಕೋರ್ಟ್’, ಮಲಯಾಳದ ‘ಕುಂಬಳಂಗಿ ನೈಟ್ಸ್’, ಕೊರಿಯಾದ ‘ಪ್ಯಾರಾಸೈಟ್’ ಇವನ್ನೆಲ್ಲ ನಾವು ಉಪಶೀರ್ಷಿಕೆಯ ಮೂಲಕ ನೋಡುತ್ತೇವೆ. ಅಲ್ಲಿ ಮಾತಿನ ಏರಿಳಿತ, ಊರಿನ ಬೈಗುಳ, ಜಾತಿಯ ಸುಳಿವು ಕೊಡುವ ಪದ ಇವು ನಮ್ಮ ಕಿವಿಗೆ ತಾಕುವುದಿಲ್ಲ. ಕನ್ನಡ ಚಿತ್ರದಲ್ಲಿ ಇವೆಲ್ಲ ತಾಕುತ್ತವೆ, ತಪ್ಪಿದರೆ ಚುಚ್ಚುತ್ತವೆ. ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಪರಭಾಷೆಯ ಚಿತ್ರಕ್ಕೆ ನಾವು ಅರಿವಿಲ್ಲದೆ ರಿಯಾಯಿತಿ ಕೊಟ್ಟಂತಾಗುತ್ತದೆ. ಇಲ್ಲಿಂದ ಮುಂದೆ ನಾನು ಮುಖ್ಯವಾಗಿ ಕನ್ನಡದ ಪಟ್ಟಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತೇನೆ.

ಉದ್ದ ಪಟ್ಟಿ

ಆಯ್ಕೆಗೆ ಮೊದಲು ಒಂದು ಉದ್ದ ಪಟ್ಟಿ ಬೇಕು, ಸುಮಾರು ನಲವತ್ತು ಹೆಸರುಗಳಿದ್ದರೆ ಸಾಕು. ರಾಷ್ಟ್ರಪ್ರಶಸ್ತಿ, ರಾಜ್ಯಪ್ರಶಸ್ತಿಗಳ ಪಟ್ಟಿಗಳು, ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದ ಕನ್ನಡ ಸ್ಪರ್ಧಾ ವಿಭಾಗ, ಆಯಾ ವರ್ಷ ಹೆಚ್ಚು ಗಳಿಕೆ ಕಂಡ ಚಿತ್ರಗಳು, ನಿಮ್ಮ ಪರಿಚಯದ ನಾಲ್ಕು ಜನ ಒಳ್ಳೆಯ ನೋಡುಗರು ಹೇಳುವ ಹೆಸರುಗಳು, ಇಷ್ಟನ್ನೂ ಸೇರಿಸಬೇಕು. ಪ್ರಶಸ್ತಿಯನ್ನು ತೀರ್ಪೆಂದು ತಿಳಿಯದೆ ಸುಳಿವೆಂದು ತಿಳಿಯಬೇಕು, ಏಕೆಂದರೆ ತೀರ್ಪುಗಾರರು ತಮ್ಮ ಮುಂದೆ ಬಂದ ಚಿತ್ರಗಳನ್ನಷ್ಟೇ ನೋಡಿರುತ್ತಾರೆ. 66ನೇ ರಾಷ್ಟ್ರಪ್ರಶಸ್ತಿಗಳನ್ನೇ ನೋಡಿ. ಆ ವರ್ಷ ಮಂಸೋರೆಯವರ ‘ನಾತಿಚರಾಮಿ’ ಅತ್ಯುತ್ತಮ ಕನ್ನಡ ಚಿತ್ರವಾಯಿತು, ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ ಅತ್ಯುತ್ತಮ ಮಕ್ಕಳ ಚಿತ್ರವಾಯಿತು, ಸತ್ಯಪ್ರಕಾಶ್ ಅವರ ‘ಒಂದಲ್ಲಾ ಎರಡಲ್ಲಾ’ ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿ ಪಡೆಯಿತು, ‘ಕೆಜಿಎಫ್’ ಸಾಹಸ ಸಂಯೋಜನೆಗೆ ಪ್ರಶಸ್ತಿ ಪಡೆಯಿತು. ಒಂದೇ ವರ್ಷದ ಈ ನಾಲ್ಕು ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಯಾವುದು ಯಾವುದರಲ್ಲಿ ಮೇಲು ಎಂಬ ಪ್ರಶ್ನೆ ತಾನಾಗಿ ಸ್ಪಷ್ಟವಾಗುತ್ತದೆ. ಉದ್ದ ಪಟ್ಟಿಯಿಂದ ಆಗಬೇಕಾದ ಕೆಲಸ ಅದೇ.

ಗಳಿಕೆಯ ಅಂಕಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅವು ಎಷ್ಟು ಜನ ನೋಡಿದರೆಂಬುದನ್ನು ತಿಳಿಸುತ್ತವೆ, ನೋಡಿದ್ದು ಹೇಗಿತ್ತೆಂಬುದನ್ನು ತಿಳಿಸುವುದಿಲ್ಲ.

ನೋಡುವ ರೀತಿ

ಮಳೆಗಾಲದಲ್ಲಿ ಮಲೆನಾಡಿನ ಕರೆಂಟು ಮತ್ತು ನೆಟ್‌ವರ್ಕನ್ನು ನಂಬಿ ಚಿತ್ರ ನೋಡಲು ಕೂರಬಾರದು. ಓಟಿಟಿಯಲ್ಲಿರುವ ಚಿತ್ರವನ್ನು ಪೇಟೆಗೆ ಹೋದಾಗಲೋ ಸಿಗ್ನಲ್ ಚೆನ್ನಾಗಿರುವಾಗಲೋ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡು ಒಂದೇ ಕೂರಿಕೆಯಲ್ಲಿ ನೋಡಬೇಕು. ತುಂಡು ತುಂಡಾಗಿ ನೋಡಿದ ಚಿತ್ರದ ಕಥೆ ತಿಳಿಯುತ್ತದೆ, ನಡಿಗೆ ತಿಳಿಯುವುದಿಲ್ಲ. ಮೊಬೈಲಿನ ಪುಟ್ಟ ಪರದೆಯಲ್ಲಿ ನೋಡಿ ತೀರ್ಮಾನ ಹೇಳುವುದಂತೂ ನಿಧಾನಗತಿಯ ಚಿತ್ರಗಳಿಗೆ ಬಗೆಯುವ ಅನ್ಯಾಯ. ನಟೇಶ್ ಹೆಗಡೆಯವರ ‘ಪೆಡ್ರೊ’ದಂಥ ಚಿತ್ರದಲ್ಲಿ ಮನುಷ್ಯರನ್ನು ದೂರದಿಂದ, ಮರ ಮತ್ತು ಮಂಜಿನ ನಡುವೆ ಸಣ್ಣದಾಗಿ ತೋರಿಸುವ ದೃಶ್ಯಗಳಿವೆ, ಅಂಗೈಯಗಲದ ಪರದೆಯಲ್ಲಿ ಆ ಮನುಷ್ಯ ಕಾಣಿಸುವುದೇ ಇಲ್ಲ, ಕಾಣಿಸದಿದ್ದರೆ ಅವನ ಒಂಟಿತನವೂ ತಿಳಿಯುವುದಿಲ್ಲ. ಶಬ್ದಕ್ಕೆ ಒಳ್ಳೆಯ ಇಯರ್‌ಫೋನ್ ಇದ್ದರೂ ಸಾಕು.

ನೋಡಿದ ರಾತ್ರಿಯೇ ಐದಾರು ಸಾಲು ಬರೆದಿಡಬೇಕು. ಆ ಸಾಲುಗಳಲ್ಲಿ ‘ಅದ್ಭುತ’, ‘ಮನಮುಟ್ಟುವ’, ‘ಬೋರು’ ಎಂಬಂಥ ಪದಗಳಿಗೆ ಜಾಗ ಬೇಡ. ಒಂದು ದೃಶ್ಯದಲ್ಲಿ ಏನು ಕಾಣಿಸಿತು, ಏನು ಕೇಳಿಸಿತು, ಯಾರು ಎಲ್ಲಿ ನಿಂತಿದ್ದರು ಎಂಬುದಿರಲಿ. ‘ತಿಥಿ’ಯ ಆರಂಭವನ್ನು ಹೀಗೆ ಬರೆಯಬಹುದು: ನೂರೊಂದು ವರ್ಷದ ಸೆಂಚುರಿ ಗೌಡ ರಸ್ತೆಬದಿಯಲ್ಲಿ ಕುಳಿತು ಹೋಗಿಬರುವವರನ್ನೆಲ್ಲ ಬಾಯಿಗೆ ಬಂದಂತೆ ಬೈಯುತ್ತಾನೆ, ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ, ಆಮೇಲೆ ಎದ್ದು ಮೂತ್ರಕ್ಕೆಂದು ಹೋದವನು ಕುಸಿದು ಸಾಯುತ್ತಾನೆ. ಹೀಗೆ ಬರೆದಾಗ ಸಾವಿಗೆ ಸಂಗೀತವಿಲ್ಲ, ಅಳುವಿಲ್ಲ, ಸಾವೂ ಆ ರಸ್ತೆಯ ಮೇಲೆ ನಡೆದ ಇನ್ನೊಂದು ಸಂಗತಿಯಷ್ಟೇ ಎಂಬುದು ಬರೆಯುವವರಿಗೇ ಹೊಳೆಯುತ್ತದೆ. ವರ್ಷ ಕಳೆದ ಮೇಲೆ ಪಟ್ಟಿ ಮಾಡುವಾಗ ಕೈಗೆ ಸಿಗುವ ಆಧಾರ ಈ ಸಾಲುಗಳೇ ಹೊರತು ಅಂದು ಕೊಟ್ಟ ನಕ್ಷತ್ರಗಳಲ್ಲ.

ತೂಗಿ ನೋಡುವುದು

ನಮ್ಮ ಸೀಮೆಯವರಿಗೆ ಒಂದು ವಿಶೇಷ ಅನುಕೂಲವಿದೆ, ಅದನ್ನು ನಾವು ಬಳಸಿಕೊಳ್ಳುತ್ತಿಲ್ಲ. ಕನ್ನಡ ಚಿತ್ರರಂಗ ಮಲೆನಾಡಿಗೆ ದಶಕಗಳಿಂದ ಬಂದುಹೋಗುತ್ತಿದೆ. ಜೋಗ, ಆಗುಂಬೆ, ಸಕ್ರೆಬೈಲು, ಹೆಂಚಿನ ಮನೆ, ಹಸಿರು ಗುಡ್ಡ ಇವೆಲ್ಲ ಎಷ್ಟೋ ಚಿತ್ರಗಳಿಗೆ ಹಾಡಿನ ಹಿನ್ನೆಲೆಯಾಗಿವೆ. ಈ ಪೈಕಿ ಯಾವ ಚಿತ್ರಕ್ಕೆ ಊರು ಗೊತ್ತಿದೆ, ಯಾವುದಕ್ಕೆ ಬರೀ ಹಸಿರು ಬೇಕಿತ್ತು ಎಂಬುದನ್ನು ನಾವು ಹತ್ತು ನಿಮಿಷದಲ್ಲಿ ಹೇಳಬಲ್ಲೆವು. ಮಳೆ ಧೋ ಎಂದು ಸುರಿಯುತ್ತಿರುವ ಅಂಗಳದಲ್ಲಿ ಕಂಬದ ನೆರಳು ಚೂಪಾಗಿ ಬಿದ್ದಿದ್ದರೆ ಅದು ಟ್ಯಾಂಕರಿನ ಮಳೆ. ಹೆಂಚಿನ ಮೇಲೆ ಮಳೆ ಬಡಿಯುವಾಗ ಒಳಗಿರುವವರು ದನಿ ಎತ್ತಿ ಮಾತಾಡಬೇಕಾಗುತ್ತದೆ. ಪಾತ್ರಗಳು ಪಿಸುಗುಟ್ಟಿದರೂ ಸ್ಪಷ್ಟವಾಗಿ ಕೇಳಿಸುತ್ತಿದ್ದರೆ ಆ ಮನೆಯಲ್ಲಿ ನಿರ್ದೇಶಕರು ಒಂದು ಆಷಾಢವನ್ನೂ ಕಳೆದಿಲ್ಲ. ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವುದು ಮಳೆಗಾಲದಲ್ಲಿ, ಕೊಳೆರೋಗದ ಭಯಕ್ಕೆ; ಕೊನೆ ಕೊಯ್ದು ಅಡಿಕೆ ಸುಲಿಯುವುದು ಚಳಿಗಾಲದಲ್ಲಿ. ಎರಡನ್ನೂ ಒಂದೇ ವಾರದಲ್ಲಿ ತೋರಿಸುವ ಚಿತ್ರವು ತೋಟವನ್ನು ಕ್ಯಾಲೆಂಡರಿನ ಚಿತ್ರದಂತೆ ನೋಡಿದೆ.

ಅಡಿಕೆ ಸುಲಿಯುವ ದೃಶ್ಯವನ್ನೇ ಹತ್ತಿರದಿಂದ ನೋಡೋಣ. ಮೆಟ್ಟುಗತ್ತಿಯ ಮುಂದೆ ಕುಳಿತ ಹೆಂಗಸಿನ ಕೈ ಮಾತಿಗಾಗಿ ನಿಲ್ಲುವುದಿಲ್ಲ. ಪಕ್ಕದವರ ಮಗಳ ಮದುವೆಯ ಸುದ್ದಿಯಾಗಲಿ, ಸಂಘದ ಸಾಲದ ಸುದ್ದಿಯಾಗಲಿ, ಸಾವಿನ ಸುದ್ದಿಯೇ ಆಗಲಿ, ಕಾಯಿ ಕತ್ತಿಗೆ ಒತ್ತುತ್ತದೆ, ಸಿಪ್ಪೆ ಒಂದು ಕಡೆ, ಅಡಿಕೆ ಬುಟ್ಟಿಗೆ. ಕಣ್ಣು ಎತ್ತಿದರೂ ಬೆರಳು ತಪ್ಪುವುದಿಲ್ಲ, ಏಕೆಂದರೆ ಕೂಲಿ ಅಳತೆಯ ಮೇಲೆ. ಚಿತ್ರದಲ್ಲಿ ನಟಿ ತನ್ನ ಮುಖ್ಯ ಸಂಭಾಷಣೆ ಬಂದಾಗ ಕಾಯನ್ನು ಕೆಳಗಿಟ್ಟು ಕ್ಯಾಮೆರಾದ ಕಡೆಗೆ ತಿರುಗಿದರೆ, ಆ ಚಿತ್ರಕ್ಕೆ ಕೆಲಸವೆಂಬುದು ಅಲಂಕಾರ. ಕೆಲಸ ಸಾಗುತ್ತಿರುವಾಗಲೇ ಮಾತು ಬಂದರೆ, ಆ ಚಿತ್ರ ದುಡಿಯುವವರನ್ನು ನೋಡಿದೆ. ಈ ಪರೀಕ್ಷೆಯನ್ನು ಯಾವ ಊರಿನ ಚಿತ್ರಕ್ಕಾದರೂ ಒಡ್ಡಬಹುದು. ಕೊಪ್ಪಳ ಜಿಲ್ಲೆಯ ಬದುಕು ನನಗೆ ಹೊರಗಿನದು. ಆದರೂ ‘ಶಿವಮ್ಮ’ ಚಿತ್ರದಲ್ಲಿ ಬಿಸಿಯೂಟದ ಅಡುಗೆ ಮಾಡುವ, ಚೈನ್ ಮಾರ್ಕೆಟಿಂಗಿನ ಪಾನೀಯ ಮಾರಲು ಮನೆಮನೆ ತಿರುಗುವ ಆ ಹೆಂಗಸಿನ ನಡಿಗೆ, ಹಟ, ದುಡ್ಡು ಎಣಿಸುವ ರೀತಿ ನಂಬುವಂತಿವೆ. ನಮ್ಮ ಊರಿನ ವಿಷಯದಲ್ಲಿ ಪಳಗಿದ ಕಣ್ಣು ಬೇರೆ ಊರಿನ ಸುಳ್ಳನ್ನೂ ಕ್ರಮೇಣ ಗುರುತಿಸುತ್ತದೆ.

ಮಾತಿನ ವಿಚಾರವೂ ಇಷ್ಟೇ ಮುಖ್ಯ. ಈ ದಶಕದ ಕನ್ನಡ ಚಿತ್ರಗಳ ದೊಡ್ಡ ಸಾಧನೆ ಯಾವುದೆಂದು ಕೇಳಿದರೆ ಊರೂರಿನ ಕನ್ನಡ ತೆರೆಗೆ ಬಂದದ್ದು ಎನ್ನುತ್ತೇನೆ. ‘ತಿಥಿ’ಯಲ್ಲಿ ಮಂಡ್ಯದ ಕನ್ನಡ, ‘ಒಂದು ಮೊಟ್ಟೆಯ ಕಥೆ’ ಮತ್ತು ‘ಗರುಡ ಗಮನ ವೃಷಭ ವಾಹನ’ಗಳಲ್ಲಿ ಮಂಗಳೂರಿನ ಕನ್ನಡ, ‘ಕಾಂತಾರ’ದಲ್ಲಿ ಕುಂದಾಪುರದ ಕಡೆಯ ಕನ್ನಡ ಕೇವಲ ನಗೆಗೆಂದು ಬಾರದೆ ಪ್ರೀತಿ, ಕೋಪ, ದುಃಖಗಳನ್ನೂ ಹೊತ್ತು ಬಂದವು. ಹಿಂದೆ ಇವೆಲ್ಲ ಬಹುಮಟ್ಟಿಗೆ ಹಾಸ್ಯಪಾತ್ರಗಳ ಪಾಲಿಗೆ ಮೀಸಲಾಗಿದ್ದವು. ಹಾಗಾಗಿ ಚಿತ್ರವೊಂದನ್ನು ತೂಗುವಾಗ ನಾಯಕ ಯಾವ ಕನ್ನಡ ಆಡುತ್ತಾನೆ, ಮನೆಕೆಲಸದವರು ಯಾವ ಕನ್ನಡ ಆಡುತ್ತಾರೆ ಎಂದು ಕೇಳಿಕೊಳ್ಳಿ.

ಆದರೆ ಊರಿನ ನಿಜ ಒಂದೇ ಚಿತ್ರವನ್ನು ದೊಡ್ಡದು ಮಾಡುವುದಿಲ್ಲ, ಈ ಎಚ್ಚರಿಕೆಯೂ ಬೇಕು. ‘ಗರುಡ ಗಮನ’ದಲ್ಲಿ ಮಳೆಯಲ್ಲಿ ಹುಲಿಹೆಜ್ಜೆ ಹಾಕುವ ದೃಶ್ಯ ವಾಸ್ತವದ ಲೆಕ್ಕಕ್ಕೆ ಸಿಗುವಂಥದ್ದಲ್ಲ, ಆದರೂ ಆ ಪಾತ್ರದ ಒಳಗಿನ ಹಿಂಸೆ ಅಲ್ಲಿ ಕಾಣಿಸುವಷ್ಟು ಬೇರೆಲ್ಲೂ ಕಾಣಿಸದು. ಚಿತ್ರ ತಾನೇ ಹಾಕಿಕೊಂಡ ನಿಯಮಕ್ಕೆ ಕೊನೆಯವರೆಗೆ ನಿಷ್ಠವಾಗಿದೆಯೇ ಎಂಬುದು ಕೇಳಬೇಕಾದ ಪ್ರಶ್ನೆ.

ಇನ್ನೊಂದು ಎಚ್ಚರಿಕೆ ವಸ್ತುವಿನದು. ವಿಷಯ ಒಳ್ಳೆಯದೆಂಬ ಕಾರಣಕ್ಕೆ ಚಿತ್ರವನ್ನು ಒಳ್ಳೆಯದೆನ್ನುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಕನ್ನಡ ಶಾಲೆ ಉಳಿಯಬೇಕು, ಹೆಣ್ಣಿಗೆ ತನ್ನ ಬದುಕಿನ ಮೇಲೆ ಹಕ್ಕಿರಬೇಕು, ರೈತನಿಗೆ ನ್ಯಾಯ ಸಿಗಬೇಕು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಅದನ್ನು ಒಪ್ಪುವುದಕ್ಕೆ ಎರಡೂವರೆ ಗಂಟೆಯ ಚಿತ್ರವೂ ಬೇಕಾಗಿಲ್ಲ. ‘ನಾತಿಚರಾಮಿ’ಯನ್ನು ನಾನು ಗೌರವಿಸುವುದು ವಿಧವೆಯ ದೇಹದ ಬಯಕೆಯೆಂಬ ವಸ್ತುವನ್ನು ಎತ್ತಿಕೊಂಡಿತೆಂಬುದಕ್ಕಿಂತ ಹೆಚ್ಚಾಗಿ, ಅದನ್ನು ಎತ್ತಿಕೊಂಡ ಮೇಲೂ ಅವಳನ್ನು ಒಂದು ವಾದವಾಗಿ ಮಾಡದೆ ಹಿಂಜರಿಯುವ, ಸಿಡುಕುವ, ತನ್ನನ್ನೇ ಪ್ರಶ್ನಿಸಿಕೊಳ್ಳುವ ಮನುಷ್ಯಳಾಗಿ ಉಳಿಸಿಕೊಂಡದ್ದಕ್ಕೆ.

ಎರಡನೇ ನೋಟ ಮತ್ತು ಕಾಲ

ಮೊದಲ ಸಲ ಕಥೆ ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ಮುಂದೇನೆಂಬ ಕುತೂಹಲ ತೀರಿದ ಮೇಲೂ ಚಿತ್ರದಲ್ಲಿ ಏನು ಉಳಿದಿದೆ ಎಂಬುದು ಎರಡನೇ ಸಲ ತಿಳಿಯುತ್ತದೆ. ಹೇಮಂತ್ ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ವನ್ನು ಮೊದಲು ನೋಡುವಾಗ ಕಳೆದುಹೋದ ತಂದೆಯ ಹುಡುಕಾಟವೇ ಮುಂದಿರುತ್ತದೆ. ಮತ್ತೆ ನೋಡಿದಾಗ ಅಪರಾಧದ ಎಳೆ ಸ್ವಲ್ಪ ಹೆಚ್ಚಾಯಿತೆಂದು ಅನಿಸುತ್ತದೆ, ಅನಂತ್ ನಾಗ್ ಮಾತಿನ ನಡುವೆ ತಡವರಿಸುವ ಕ್ಷಣಗಳು ಮಾತ್ರ ಇನ್ನೂ ದೊಡ್ಡದಾಗುತ್ತವೆ. ‘ತಿಥಿ’ಯಲ್ಲಿ ಮೊದಲ ಸಲ ನಗು ಹೆಚ್ಚು, ಎರಡನೇ ಸಲ ಸೆಂಚುರಿ ಗೌಡನ ಮಗ ಗಡ್ಡಪ್ಪ ಕುರಿಗಾಹಿಗಳ ಬಳಿ ತನ್ನ ಹಿಂದಿನ ಬದುಕನ್ನು ಹೇಳಿಕೊಳ್ಳುವ ಸನ್ನಿವೇಶ ಇಡೀ ಚಿತ್ರದ ತೂಕವನ್ನು ಬದಲಿಸುತ್ತದೆ. ‘ಕಾಂತಾರ’ದ ಕೊನೆಯ ಭಾಗ ಎರಡನೇ ಸಲವೂ ಮೈ ನವಿರೇಳಿಸುತ್ತದೆ, ಆದರೆ ನಡುವಿನ ಪ್ರೇಮಪ್ರಸಂಗ ಸೊರಗಿದಂತೆ ಕಾಣುತ್ತದೆ, ನನ್ನ ಪಟ್ಟಿಯಲ್ಲಿ ಅದು ‘ಪೆಡ್ರೊ’ಗಿಂತ ಕೆಳಗಿರುವುದಕ್ಕೆ ಇದೇ ಕಾರಣ. ಅಕಸ್ಮಾತ್ತಾಗಿ ಹಸುವೊಂದನ್ನು ಕೊಂದ ಲೈನ್‌ಮನ್ ಕೆಲಸದ ಬಡವನೊಬ್ಬನನ್ನು ಊರು ಹೇಗೆ ಮೆಲ್ಲಮೆಲ್ಲಗೆ ಹೊರಗಿಡುತ್ತದೆ ಎಂಬುದನ್ನು ‘ಪೆಡ್ರೊ’ ಹೇಳುವ ಕ್ರಮದಲ್ಲಿ ಸಡಿಲವಾದ ಜಾಗ ನನಗೆ ಸಿಗಲಿಲ್ಲ.

ಎರಡು ನೋಟಗಳ ನಡುವೆ ಕನಿಷ್ಠ ಕೆಲವು ತಿಂಗಳ ಅಂತರವಿರಲಿ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರಿಂದ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಮತ ಪಡೆಯುತ್ತದೆ. 1941ರ ‘ಸಿಟಿಜನ್ ಕೇನ್’ 1952ರಲ್ಲಿ ಮೊದಲ ಹತ್ತರಲ್ಲಿ ಇರಲಿಲ್ಲ. 1962ರಲ್ಲಿ ಮೊದಲ ಸ್ಥಾನಕ್ಕೆ ಬಂದು 2002ರ ಮತದಾನದವರೆಗೂ ಅಲ್ಲೇ ನಿಂತಿತು. 2022ರಲ್ಲಿ ಮೊದಲ ಸ್ಥಾನ ಪಡೆದದ್ದು 1975ರಲ್ಲಿ ಬಂದ ‘ಜಾನ್ ಡೀಲ್‌ಮನ್’, ಶಾಂತಾಲ್ ಅಕರ್‌ಮನ್ ಅವರ ಚಿತ್ರ. ನಮ್ಮದೇ ಜಿಲ್ಲೆಯ ಕೆಸಲೂರಿನ ಗಿರೀಶ ಕಾಸರವಳ್ಳಿಯವರು 1977ರಲ್ಲಿ ಮಾಡಿದ ‘ಘಟಶ್ರಾದ್ಧ’ದ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಪ್ರದರ್ಶನಗೊಂಡಿತು. ಚಿತ್ರವೊಂದರ ಬೆಲೆ ಗೊತ್ತಾಗಲು ಕಾಲ ಹಿಡಿಯುತ್ತದೆ. ಆದ್ದರಿಂದ ದಶಕದ ಕೊನೆಯ ಎರಡು ವರ್ಷಗಳ ಚಿತ್ರಗಳಿಗೆ ಪಟ್ಟಿಯಲ್ಲಿ ಒಂದೆರಡಕ್ಕಿಂತ ಹೆಚ್ಚು ಜಾಗ ಕೊಡದೆ, ಉಳಿದವನ್ನು ‘ಮುಂದೆ ನೋಡಬೇಕಾದವು’ ಎಂದು ಬೇರೆಯಾಗಿ ಬರೆದಿಡುವುದು ಒಳ್ಳೆಯದು. ಮಲೆನಾಡಿನ ಹಳ್ಳಿಯ ಹೋಟೆಲೊಂದರಲ್ಲಿ ನಡೆಯುವ 2024ರ ‘ಶಾಖಾಹಾರಿ’ಯಲ್ಲಿ ರಂಗಾಯಣ ರಘು ಅವರ ಅಭಿನಯ ನನಗೆ ಬಹಳ ಹಿಡಿಸಿತು, ಆದರೂ ಅದನ್ನು ಸದ್ಯಕ್ಕೆ ಆ ಬೇರೆ ಪುಟದಲ್ಲೇ ಇಟ್ಟಿದ್ದೇನೆ.

ನಾಲ್ಕು ಜನ ಸೇರಿ ಆರಿಸುವಾಗ

ಒಬ್ಬರೇ ಮಾಡುವ ಪಟ್ಟಿಗಿಂತ ನಾಲ್ಕೈದು ಜನ ಸೇರಿ ಮಾಡುವ ಪಟ್ಟಿ ಗಟ್ಟಿಯಾಗಿರುತ್ತದೆ, ಹಾಗೆ ಸೇರುವ ಪರಂಪರೆಯೂ ನಮ್ಮಲ್ಲಿದೆ. 1949ರಲ್ಲಿ ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ಹುಟ್ಟಿದ ನಾಟಕಸಂಘ ನೀನಾಸಮ್ 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿತು, ಕೆ.ವಿ. ಸುಬ್ಬಣ್ಣನವರು ಜಗತ್ತಿನ ಚಿತ್ರಗಳನ್ನು ಹಳ್ಳಿಯವರಿಗೆ ತೋರಿಸಿದ್ದಲ್ಲದೆ, ಪುಣೆಯ ಚಲನಚಿತ್ರ ಸಂಸ್ಥೆಯ ಸತೀಶ್ ಬಹಾದೂರ್ ಅವರಂಥ ಅಧ್ಯಾಪಕರನ್ನು ಕರೆಸಿ ರಸಗ್ರಹಣ ಶಿಬಿರಗಳನ್ನು ನಡೆಸಿದರು. ಅಡಿಕೆ ಬೆಳೆಯುವವರಿಗೂ ಮೇಷ್ಟ್ರುಗಳಿಗೂ ದೃಶ್ಯವನ್ನು ಬಿಡಿಸಿ ನೋಡುವುದನ್ನು ಕಲಿಸಬಹುದೆಂಬ ನಂಬಿಕೆ ಅದರ ಹಿಂದಿತ್ತು.

ಮತ ಹಾಕುವುದಕ್ಕೆ ‘ಸೈಟ್ ಅಂಡ್ ಸೌಂಡ್’ ಪದ್ಧತಿಯೇ ಸುಲಭ: ಪ್ರತಿಯೊಬ್ಬರೂ ಹತ್ತು ಹೆಸರು ಬರೆಯುವುದು, ಕ್ರಮಾಂಕವಿಲ್ಲದೆ ಪ್ರತಿ ಹೆಸರಿಗೂ ಒಂದೊಂದು ಮತ. ಆದರೆ ಇದರಲ್ಲಿ ಒಂದು ದೋಷವಿದೆ. ಹೆಚ್ಚು ಜನ ನೋಡಿದ ಚಿತ್ರ ಸಹಜವಾಗಿ ಹೆಚ್ಚು ಮತ ಪಡೆಯುತ್ತದೆ. ಎಲ್ಲರೂ ‘ಕಿರಿಕ್ ಪಾರ್ಟಿ’ ನೋಡಿರುತ್ತಾರೆ, ‘ಪಿಂಕಿ ಎಲ್ಲಿ?’ಯನ್ನು ಒಬ್ಬರು ನೋಡಿರುತ್ತಾರೆ. ಅದಕ್ಕಾಗಿ ಮತದಾನಕ್ಕೆ ಮೊದಲು ಉದ್ದ ಪಟ್ಟಿಯನ್ನು ಸುತ್ತು ಹಾಕಿಸಿ, ಯಾರು ಯಾವುದನ್ನು ನೋಡಿದ್ದಾರೆಂದು ಗುರುತು ಮಾಡಿಸಬೇಕು. ಅರ್ಧಕ್ಕಿಂತ ಕಡಿಮೆ ಜನ ನೋಡಿದ ಚಿತ್ರವನ್ನು ಒಬ್ಬರಾದರೂ ಬಲವಾಗಿ ಸಮರ್ಥಿಸಿದರೆ, ಉಳಿದವರು ಅದನ್ನು ನೋಡುವವರೆಗೆ ಮತದಾನ ಮುಂದೂಡಬೇಕು. ಈ ಒಂದು ನಿಯಮದಿಂದ ಪಟ್ಟಿಯ ಚಹರೆಯೇ ಬದಲಾಗುತ್ತದೆ.

ಮನೆಯವರು, ಆಪ್ತರು ಕುಳಿತು ನೋಡುವುದು ಒಂದು. ಸಭಾಭವನದಲ್ಲೋ ಶಾಲೆಯಲ್ಲೋ ಸಾರ್ವಜನಿಕರನ್ನು ಕರೆದು ತೋರಿಸುವುದು ಬೇರೆ. ಓಟಿಟಿ ಚಂದಾ ಸ್ವಂತ ಬಳಕೆಗೆ ಮಾತ್ರ. ಊರಿಗೆಲ್ಲ ತೋರಿಸಬೇಕಾದರೆ ನಿರ್ಮಾಪಕರಿಗೋ ನಿರ್ದೇಶಕರಿಗೋ ಪತ್ರ ಬರೆದು ಅನುಮತಿ ಪಡೆಯಬೇಕು. ಸಣ್ಣ ಚಿತ್ರಗಳನ್ನು ಮಾಡಿದವರಿಗೆ ಇಂಥ ಪತ್ರ ಬಂದರೆ ಸಂತೋಷವಾಗದಿರಲು ಕಾರಣವಿಲ್ಲ. ತೇಜಸ್ವಿಯವರ ಕಥೆಯನ್ನು ಆಧರಿಸಿದ, ಅವರ ಓದುಗರೇ ಸೇರಿ ಹಣ ಹೂಡಿ 2023ರಲ್ಲಿ ತೆರೆಗೆ ತಂದ ‘ಡೇರ್‌ಡೆವಿಲ್ ಮುಸ್ತಾಫಾ’ದಂಥ ಚಿತ್ರವನ್ನು ಕಾಲೇಜು ಹುಡುಗರ ನಡುವೆ ಕುಳಿತು ನೋಡಿದರೆ, ಒಂಟಿಯಾಗಿ ನೋಡಿದಾಗ ತಿಳಿಯದ ಎಷ್ಟೋ ಸಂಗತಿಗಳು ಅವರ ನಗುವಿನಿಂದ ತಿಳಿಯುತ್ತವೆ.

ಪಟ್ಟಿ ಸಿದ್ಧವಾದ ಮೇಲೆ ಪ್ರತಿ ಹೆಸರಿನ ಮುಂದೆ ನಾಲ್ಕು ಸಂಗತಿಗಳನ್ನು ಬರೆಯಿರಿ: ನಿರ್ದೇಶಕರು ಮತ್ತು ವರ್ಷ, ನೀವು ಎರಡು ಸಲ ನೋಡಿದ ತಿಂಗಳುಗಳು, ಆಯ್ಕೆಗೆ ಕಾರಣವಾದ ದೃಶ್ಯ, ಮತ್ತು ಆ ಚಿತ್ರದಲ್ಲಿ ನಿಮಗೆ ಒಪ್ಪಿಗೆಯಾಗದ ಒಂದು ಅಂಶ. ಕೊನೆಯ ಕಾಲಮ್ಮನ್ನು ಖಾಲಿ ಬಿಡಬೇಡಿ. ಮುಂದಿನ ವರ್ಷ ಪಟ್ಟಿಯನ್ನು ಪರಿಷ್ಕರಿಸುವಾಗ ಮೊದಲು ಓದಬೇಕಾದದ್ದು ಅದನ್ನೇ.